ಡೀಸೆಲ್ ಫಿಲ್ಟರ್ ಬದಲಿಸಲು ಮೆಕ್ಯಾನಿಕ್ಕೇ ಬರಬೇಕೆ?

ಬೀಜ ತರಬೇಕಾದರೆ ನಾವು ನಾಲ್ಕು ಅಂಗಡಿ ತಿರುಗುತ್ತೇವೆ. ಗೊಬ್ಬರದ ಚೀಲ ಬಿಚ್ಚಿ ಮೂಸಿ ನೋಡುತ್ತೇವೆ. ಎತ್ತು ಒಂದು ಹೊತ್ತು ಮೇವು ಬಿಟ್ಟರೆ ಮನೆಯವರಿಗೆಲ್ಲ ಯೋಚನೆ ಹತ್ತುತ್ತದೆ. ಆದರೆ ಅದೇ ಮನೆಯ ಮುಂದೆ ನಿಂತ ಸಣ್ಣ ಲಾರಿಗೋ ಟ್ರ್ಯಾಕ್ಟರಿಗೋ ಡೀಸೆಲ್ ಫಿಲ್ಟರ್ ಎಲ್ಲಿದೆ, ಹಾಕಿ ಎಷ್ಟು ದಿನವಾಯ್ತು ಎಂದು ಕೇಳಿ ನೋಡಿ. ಯಜಮಾನ ಡ್ರೈವರ್ ಮುಖ ನೋಡುತ್ತಾನೆ, ಡ್ರೈವರ್ ಆಕಾಶ ನೋಡುತ್ತಾನೆ.

ನಾನು ಮಳೆ ನಂಬಿದ ಬೇಸಾಯಗಾರ. ಓದಿದ್ದು ಏಳನೇ ಕ್ಲಾಸು. ಇಂಜಿನಿಯರ್ ಅಲ್ಲ, ಗ್ಯಾರೇಜೂ ಇಟ್ಟಿಲ್ಲ. ಆದರೂ ಈ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕಾಗಿದೆ. ಡೀಸೆಲ್ ಫಿಲ್ಟರ್ ಬದಲಿಸುವುದು, ಅದು ಸೋರದಂತೆ ಕೂರಿಸುವುದು ಇನ್ನು ಮುಂದೆ ಬೇಸಾಯದ ಕೆಲಸವೇ. ಕುಂಟೆ ಹೊಡೆಯಲು ಕಲಿತ ಹಾಗೆ ಇದನ್ನೂ ಕಲಿಯಬೇಕು. ಕಲಿಸುವವರು ಕಲಿಸಬೇಕು.

ಗೇಟು ಕಾಯುವುದಿಲ್ಲ

ನಮ್ಮ ಉಡಿಗಾಲ ಇರುವುದು ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವೆ. ಜೋಳ, ಹುರುಳಿ, ಸೂರ್ಯಕಾಂತಿ ಮಾಡುವವರು ಇದ್ದೇವೆ. ಬೋರಿನಲ್ಲಿ ನೀರು ಇದ್ದವರು ಟೊಮೆಟೊ, ಬೀನ್ಸ್, ಎಲೆಕೋಸು, ಸಣ್ಣ ಈರುಳ್ಳಿ ಹಾಕುತ್ತಾರೆ. ಬೆಳೆದ ಸೊಪ್ಪು ತರಕಾರಿ ತೆರಕಣಾಂಬಿ, ಗುಂಡ್ಲುಪೇಟೆ ಮಾರ್ಕೆಟ್ಟಿಗೆ ಹೋಗುತ್ತದೆ. ಅಲ್ಲಿಂದ ಬಹುಪಾಲು ಕೇರಳಕ್ಕೆ, ಊಟಿ ಕಡೆಗೆ. ಓಣಂ ಹಬ್ಬದ ಹಿಂದು ಮುಂದು ಅಂತೂ ತರಕಾರಿ, ಚೆಂಡುಹೂವಿನ ಗಾಡಿಗಳದ್ದೇ ಸಾಲು.

ಬಂಡೀಪುರ ಕಾಡಿನೊಳಗೆ ಹೋಗುವ ಎರಡು ಹೆದ್ದಾರಿಗಳಲ್ಲೂ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ಗಾಡಿ ಬಿಡುವುದಿಲ್ಲ. 2010ರಲ್ಲಿ ಹೈಕೋರ್ಟೂ ಅದನ್ನು ಎತ್ತಿ ಹಿಡಿಯಿತು. ಕಾಡುಪ್ರಾಣಿಗಳ ಸಲುವಾಗಿ ಮಾಡಿದ ನಿಯಮ, ಅದರ ಸರಿ ತಪ್ಪಿನ ಚರ್ಚೆ ಇಲ್ಲಿ ಬೇಡ. ನಾನು ಹೇಳುವುದಿಷ್ಟೆ. ಬತ್ತೇರಿ ರಸ್ತೆಯಲ್ಲಿ ಮದ್ದೂರು ಚೆಕ್‌ಪೋಸ್ಟಿಗೂ, ಊಟಿ ರಸ್ತೆಯಲ್ಲಿ ಮೇಲುಕಾಮನಹಳ್ಳಿ ಚೆಕ್‌ಪೋಸ್ಟಿಗೂ ನಮ್ಮ ಫಿಲ್ಟರ್ ಕಟ್ಟಿಕೊಂಡಿದೆ ಅನ್ನುವುದು ಗೊತ್ತಾಗುವುದಿಲ್ಲ. ಒಂಬತ್ತಕ್ಕೆ ಹತ್ತು ನಿಮಿಷ ತಡವಾಗಿ ಹೋದ ಟೊಮೆಟೊ ಮಾರನೆ ದಿನ ಬೆಳಿಗ್ಗೆ ಆರಕ್ಕೆ ಹೊರಡಬೇಕು. ಅಷ್ಟರಲ್ಲಿ ಆ ಕಡೆಯ ಮಾರ್ಕೆಟ್ಟು ಮುಗಿದಿರುತ್ತದೆ. ಗೇಟು ದಾಟಿದ ಮೇಲೆ ಕಾಡೊಳಗೆ ಇಂಜಿನ್ ನಿಂತರೆ ಆ ಕಥೆಯೇ ಬೇರೆ. ಕೆಳಗಿಳಿದು ಬಾನೆಟ್ ಎತ್ತಿ ನಿಲ್ಲುವ ಜಾಗ ಅದಲ್ಲ, ಆನೆ ಬಂದರೆ ಓಡುವುದಕ್ಕೂ ದಾರಿ ಇಲ್ಲ.

ಹೀಗೆ ನಿಲ್ಲುವ ಗಾಡಿಗಳಲ್ಲಿ ಎಲ್ಲದಕ್ಕೂ ದೊಡ್ಡ ರಿಪೇರಿ ಇರುವುದಿಲ್ಲ. ಎಷ್ಟೋ ಸಲ ಕಟ್ಟಿಕೊಂಡ ಫಿಲ್ಟರ್, ಸೀಳಿದ ರಬ್ಬರ್ ರಿಂಗು, ಹಳೇ ತಾಮ್ರದ ವಾಷರು, ಅಷ್ಟೆ. ಕೆಲವು ನೂರು ರೂಪಾಯಿಯ ಸಾಮಾನು ಒಂದು ಲೋಡು ತರಕಾರಿ ಕೊಳೆಸುತ್ತದೆ.

ಫಿಲ್ಟರ್ ಮಾಡುವ ಕೆಲಸ ಏನು?

ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಮೈಕ್ರಾನ್ ಅನ್ನುತ್ತಾರೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಡೀಸೆಲ್ ಪಂಪಿನ ಒಳಗೆ ಮೇಲೆ ಕೆಳಗೆ ಆಡುವ ಪ್ಲಂಜರಿಗೂ ಅದರ ಗೂಡಿಗೂ ಇರುವ ಸಂದು ಎರಡು ಮೂರು ಮೈಕ್ರಾನ್ ಮಾತ್ರ. ಆ ಸಂದಿಗೆ ಬೇರೆ ಎಣ್ಣೆ ಬಿಡುವುದಿಲ್ಲ, ಡೀಸೆಲ್ಲೇ ಅದಕ್ಕೆ ಎಣ್ಣೆ. ಕಣ್ಣಿಗೆ ಕಾಣದ ಮಣ್ಣಿನ ಕಣ ಅಲ್ಲಿಗೆ ಹೋದರೆ ಉಜ್ಜಿ ಉಜ್ಜಿ ಗೀರು ಹಾಕುತ್ತದೆ. ನೀರು ಹೋದರೆ ತುಕ್ಕು ಹಿಡಿಸುತ್ತದೆ. ಆಮೇಲೆ ಪಂಪು, ನಾಝಲ್ ರಿಪೇರಿ ಎಂದರೆ ಒಂದು ಬೆಳೆಯ ಲಾಭವೇ ಹೋಯಿತು.

ಈ ಪಂಪು ನಾಝಲ್ ನಮಗೆ ದೂರದ ವಸ್ತುವೂ ಅಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ, ಇವನ್ನು ನಮ್ಮ ರಾಜ್ಯದಲ್ಲೇ ತಯಾರು ಮಾಡಿತು. 2008ರಲ್ಲಿ ಹೆಸರು ಬಾಷ್ ಎಂದಾದರೂ ಗ್ಯಾರೇಜಿನವರ ಬಾಯಲ್ಲಿ ಇವತ್ತಿಗೂ ಅದು ಮೈಕೋ ಪಂಪೇ. ಸಾಮಾನು ಬೆಂಗಳೂರಿಂದ ಹಳ್ಳಿಗೆ ಬಂದು ಎಷ್ಟೋ ವರ್ಷವಾಯ್ತು. ಅದನ್ನು ಕಾಯುವ ತಿಳಿವಳಿಕೆ ಮಾತ್ರ ಇನ್ನೂ ದಾರಿಯಲ್ಲೇ ಇದೆ.

ಕೊಳೆ ಎಲ್ಲಿಂದ ಬರುತ್ತದೆ?

ಬಂಕಿನವರನ್ನು ಬೈಯುವುದು ಸುಲಭ. ನಮ್ಮ ಮನೆಯ ಕ್ಯಾನು ನೋಡಿಕೊಳ್ಳೋಣ. ಮುಚ್ಚಳ ಕಳೆದುಹೋಗಿ ಬಾಯಿಗೆ ಪ್ಲಾಸ್ಟಿಕ್ ಕವರ್ ಸುತ್ತಿರುತ್ತೇವೆ. ಅದರಲ್ಲೇ ಮೊನ್ನೆ ಔಷಧಿ ಹೊಡೆಯಲು ನೀರು ಹೊತ್ತಿರುತ್ತೇವೆ. ಹೊಲದ ಬದುವಿನಲ್ಲಿ ಗಾಳಿ ಬೀಸುವಾಗಲೇ ಟ್ಯಾಂಕಿನ ಮುಚ್ಚಳ ತೆಗೆದು ಸುರಿಯುತ್ತೇವೆ. ನಮ್ಮ ಕಡೆ ಕೆಮ್ಮಣ್ಣಿನ ಧೂಳು ಹೇಗೆಂದು ಹೇಳಬೇಕಾಗಿಲ್ಲ, ಬಿಳಿ ಪಂಚೆ ಉಟ್ಟವರನ್ನು ಕೇಳಿ.

ನೀರಿನ ಕಥೆ ಇನ್ನೊಂದು. ಟ್ಯಾಂಕ್ ಅರ್ಧ ಖಾಲಿ ಇಟ್ಟು ರಾತ್ರಿ ಗಾಡಿ ನಿಲ್ಲಿಸಿದರೆ ಒಳಗಿನ ಗಾಳಿಯ ತೇವ ತಂಪಿಗೆ ಹನಿಯಾಗಿ ಇಳಿಯುತ್ತದೆ. ನೀರು ಡೀಸೆಲ್ಲಿಗಿಂತ ಭಾರ, ತಳದಲ್ಲಿ ಕೂರುತ್ತದೆ. ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಒಂದು ಥರ ಬೂಷ್ಟು ಬೆಳೆದು ಕರಿ ಲೋಳೆಯಾಗುತ್ತದೆ. ಆ ಲೋಳೆ ಬಂದು ಫಿಲ್ಟರಿನ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಟ್ಯಾಂಕನ್ನು ಬೆಳಿಗ್ಗೆ ತುಂಬಿಸುವುದಕ್ಕಿಂತ ಸಂಜೆ ತುಂಬಿಸಿ ನಿಲ್ಲಿಸುವುದು ಮೇಲು. ಡೀಸೆಲ್ಲಿಗೆ ಬೇರೆಯೇ ಕ್ಯಾನು, ಬೇರೆಯೇ ಆಲಿಕೆ, ಆಲಿಕೆಗೆ ನಯವಾದ ಜಾಲರಿ. ಇಷ್ಟು ಮಾಡಿದವರ ಫಿಲ್ಟರ್ ಹೆಚ್ಚು ದಿನ ಬಾಳುತ್ತದೆ.

ಹಳೇ ಫಿಲ್ಟರನ್ನು ಎಸೆಯುವ ಮುಂಚೆ ಕತ್ತರಿಸಿ ಕಾಗದ ಬಿಡಿಸಿ ನೋಡಿ. ಕೆಂಪು ಮಣ್ಣು ಕಂಡರೆ ಕ್ಯಾನಿನ ದೋಷ. ತುಕ್ಕು ಕಂಡರೆ ಟ್ಯಾಂಕಿನ ದೋಷ. ಕರಿ ಲೋಳೆ ಕಂಡರೆ ನೀರು ನಿಂತಿದೆ. ಸಗಣಿ ನೋಡಿ ದನದ ಹೊಟ್ಟೆ ಹೇಳುವ ಹಾಗೆಯೇ ಇದು.

ಬದಲಿಸುವ ಕ್ರಮ

ಹಳೇ ಮಾದರಿಯ ಲಾರಿ, ಟ್ರ್ಯಾಕ್ಟರು, ಡೀಸೆಲ್ ಇಂಜಿನ್‌ಗಳಿಗೆ ಇದು ಸರಿಹೋಗುತ್ತದೆ. ಎಷ್ಟು ಗಂಟೆಗೆ, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂಬುದು ಗಾಡಿಯ ಪುಸ್ತಕದಲ್ಲಿರುತ್ತದೆ. ಧೂಳಿನಲ್ಲಿ ದುಡಿಯುವ ಗಾಡಿಗೆ ಅದಕ್ಕಿಂತ ಸ್ವಲ್ಪ ಮುಂಚೆಯೇ ಬದಲಿಸುವುದು ಕ್ಷೇಮ. ಏರಿನಲ್ಲಿ ಲೋಡು ಎಳೆಯದೆ ಇಂಜಿನ್ ಉಸಿರು ಕಟ್ಟಿದ ಹಾಗೆ ಆದರೆ ಫಿಲ್ಟರ್ ಕಟ್ಟಿದೆ ಎಂದು ಮೊದಲ ಅನುಮಾನ ಪಡಬೇಕು. ಬರಿ ಗಾಡಿ ಸಮ ರಸ್ತೆಯಲ್ಲಿ ಚೆನ್ನಾಗೇ ಓಡುತ್ತದೆ, ಗೂಡಲೂರು ದಾಟಿ ಊಟಿ ಏರುವಾಗ ಬಣ್ಣ ಗೊತ್ತಾಗುತ್ತದೆ.

1. ಗಾಡಿ ಸಮ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆರಲು ಬಿಡಿ. ಹತ್ತಿರ ಬೀಡಿ, ಬೆಂಕಿ ಬೇಡ. ಟ್ಯಾಂಕಿನಿಂದ ಬರುವ ನಲ್ಲಿ ಇದ್ದರೆ ಮುಚ್ಚಿ. ಕೆಳಗೆ ಒಂದು ತಟ್ಟೆ ಇಡಿ.

2. ಬಿಚ್ಚುವ ಮೊದಲು ಹೊರಗಿನ ಮಣ್ಣನ್ನು ಬ್ರಷ್ಷಿಗೆ ಡೀಸೆಲ್ ಅದ್ದಿ ತೊಳೆದು ಒಣ ಬಟ್ಟೆಯಲ್ಲಿ ಒರೆಸಿ. ಹೊರಗಿನ ಧೂಳು ಒಳಗೆ ಬಿದ್ದರೆ ಬದಲಿಸಿಯೂ ದಂಡ.

3. ತಳದ ಸ್ಕ್ರೂ ಬಿಟ್ಟು ನೀರು ಕೊಳೆ ಇಳಿಸಿ. ಆಮೇಲೆ ನಡುವಿನ ಬೋಲ್ಟು ಬಿಚ್ಚಿ ಬಟ್ಟಲನ್ನು ಕೆಳಗಿಳಿಸಿ. ಬಟ್ಟಲನ್ನು ಶುದ್ಧ ಡೀಸೆಲ್ಲಿನಲ್ಲಿ ತೊಳೆಯಿರಿ. ನೂಲು ಬಿಡುವ ಬಟ್ಟೆಯಲ್ಲಿ ಒಳಗಡೆ ಒರೆಸಬೇಡಿ.

4. ಎರಡು ಫಿಲ್ಟರ್ ಇರುವ ಗಾಡಿಯಲ್ಲಿ ಎರಡನ್ನೂ ಒಂದೇ ಸಲ ಬದಲಿಸಬಾರದೆಂದು ಅನೇಕ ಟ್ರ್ಯಾಕ್ಟರಿನ ಪುಸ್ತಕಗಳಲ್ಲೇ ಬರೆದಿದೆ. ಎರಡನ್ನೂ ಬಿಚ್ಚಿದಾಗ ಕೊಳೆ ಬಿದ್ದರೆ ನೇರ ಪಂಪಿಗೇ ಹೋಗುತ್ತದೆ. ಮೊದಲನೆಯದು ಈ ಸಲ, ಎರಡನೆಯದು ಅದರ ಸರದಿ ಬಂದಾಗ.

5. ಹಳೇ ರಬ್ಬರ್ ರಿಂಗ್ ತೆಗೆದಿರಾ? ಇದನ್ನು ಎರಡು ಸಲ ಕೇಳಿಕೊಳ್ಳಿ. ಅದು ಮೇಲಿನ ತಲೆಗೆ ಅಂಟಿಕೊಂಡಿರುತ್ತದೆ, ಮಸಿ ಬಣ್ಣದಲ್ಲಿ ಕಾಣುವುದೇ ಇಲ್ಲ. ಬೆರಳಾಡಿಸಿ ನೋಡಬೇಕು.

6. ಹೊಸ ರಿಂಗಿಗೆ ಶುದ್ಧ ಡೀಸೆಲ್ ಸವರಿ, ತಿರುಚದ ಹಾಗೆ ಕೂರಿಸಿ. ತಿರುಗಿಸಿ ಹಾಕುವ ಡಬ್ಬಿ ಫಿಲ್ಟರ್ ಆದರೆ ರಿಂಗ್ ತಾಗಿದ ಮೇಲೆ ಕೈಯಲ್ಲೇ ಅರ್ಧದಿಂದ ಮುಕ್ಕಾಲು ಸುತ್ತು ಸಾಮಾನ್ಯವಾಗಿ ಸಾಕು. ಡಬ್ಬಿಯ ಮೇಲೆ ಅಚ್ಚು ಹಾಕಿದ್ದರೆ ಅದೇ ಲೆಕ್ಕ. ಪಾನ ಹಾಕಿ ಬಿಗಿಯುವುದು ಬೇಡ.

7. ಡೀಸೆಲ್ ಪೈಪಿನ ಬೋಲ್ಟು ಬಿಚ್ಚಿದ್ದರೆ ಅದರ ಎರಡೂ ಕಡೆಯ ತಾಮ್ರದ ವಾಷರು ಹೊಸದು ಹಾಕಿ. ಒಮ್ಮೆ ಅಮುಕಿದ ವಾಷರು ಗಟ್ಟಿಯಾಗಿ ಬಿಡುತ್ತದೆ, ಇನ್ನೊಮ್ಮೆ ಸರಿಯಾಗಿ ಕೂರುವುದಿಲ್ಲ.

8. ಇನ್ನು ಗಾಳಿ ತೆಗೆಯುವುದು. ನಲ್ಲಿ ಬಿಟ್ಟು, ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತಾ ಇರಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಆಮೇಲೆ ತಿಳಿ ಡೀಸೆಲ್. ತಿಳಿ ಬರುವಾಗಲೇ ಸ್ಕ್ರೂ ಮುಚ್ಚಿ. ಹಾಗೆಯೇ ಪಂಪಿನ ಮೇಲಿನ ಸ್ಕ್ರೂವಿನಲ್ಲೂ ಮಾಡಿ. ಆಮೇಲೆ ಸ್ಟಾರ್ಟ್ ಮಾಡಿ.

9. ಹೊರಗೆಲ್ಲ ಒಣಗಿಸಿ ಒರೆಸಿ, ಐದು ಹತ್ತು ನಿಮಿಷ ಇಂಜಿನ್ ಓಡಿಸಿ ನಿಲ್ಲಿಸಿ, ಕೂಡುವ ಜಾಗಕ್ಕೆಲ್ಲ ಸೀಮೆಸುಣ್ಣದ ಪುಡಿಯೋ ವಿಭೂತಿಯೋ ತೆಳ್ಳಗೆ ಸವರಿ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಎಲ್ಲಿ ಪಸೆ ಇದೆಯೋ ಅಲ್ಲಿ ಪುಡಿ ಒದ್ದೆಯಾಗಿ ಕಪ್ಪಾಗುತ್ತದೆ. ಸೋರುವ ಜಾಗ ತಾನಾಗಿಯೇ ಬೆರಳು ತೋರಿಸುತ್ತದೆ.

ಹಳೇ ಡೀಸೆಲ್ಲನ್ನು ಹೊಲಕ್ಕೋ ಚರಂಡಿಗೋ ಚೆಲ್ಲಬೇಡಿ. ಕಾಗದದ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆದೋ, ಪಂಕ್ಚರ್ ಅಂಗಡಿಯ ಗಾಳಿ ಊದಿಯೋ ಮತ್ತೆ ಹಾಕುವ ಅಭ್ಯಾಸ ನಮ್ಮಲ್ಲಿದೆ. ಅದು ಹರಿದ ಜರಡಿಯಲ್ಲಿ ಹಿಟ್ಟು ಜಾಲಿಸಿದ ಹಾಗೆ. ಹೊರಗೆ ಫಿಲ್ಟರ್ ಇದೆ ಎಂಬ ಧೈರ್ಯ, ಒಳಗೆ ಕೊಳೆ ಹೋಗುವುದು ಹೋಗುತ್ತಲೇ ಇರುತ್ತದೆ.

"ಇನ್ನೂ ವಸಿ ಬಿಗಿ ಮಾಡಪ್ಪ"

ಸೋರಿಕೆ ಕಂಡರೆ ನಮ್ಮವರ ಬಾಯಲ್ಲಿ ಬರುವ ಮೊದಲ ಮಾತು ಇದು. ಸೋರಿಕೆಯ ಅರ್ಧ ಪಾಲು ಹುಟ್ಟುವುದೇ ಈ ಮಾತಿನಿಂದ ಅನ್ನಬೇಕು. ರಿಂಗ್ ಸೊಟ್ಟಗೆ ಕೂತಿದ್ದರೆ ಎಷ್ಟು ಬಿಗಿದರೂ ಸೋರುತ್ತದೆ. ಬಿಗಿದಷ್ಟೂ ರಬ್ಬರ್ ಹೊರಗೆ ಉಬ್ಬಿ ಸೀಳುತ್ತದೆ. ಇನ್ನೂ ಬಿಗಿದರೆ ಅಲ್ಯೂಮಿನಿಯಂ ತಲೆಯ ಮರೆಯೇ ಕಿತ್ತು ಬರುತ್ತದೆ. ಆಗ ಎರಡು ರೂಪಾಯಿಯ ವಾಷರಿನ ಕೆಲಸ ಸಾವಿರಾರು ರೂಪಾಯಿಗೆ ಹೋಗಿ ನಿಲ್ಲುತ್ತದೆ. ಆಮೇಲೆ ಸೋಪು ಮೆತ್ತುವುದು, ದಾರ ಸುತ್ತುವುದು, ಅಂಟು ಬಳಿಯುವುದು. ಡೀಸೆಲ್ಲಿನ ಮುಂದೆ ಸೋಪು ಎಷ್ಟು ಹೊತ್ತು ನಿಲ್ಲುತ್ತದೆ? ಬಳಿದ ಅಂಟಿನ ಚೂರು ಒಳಗೆ ಹೋದರೆ ನಾಝಲಿಗೆ ಹೊಸ ಕಾಯಿಲೆ.

ಒಂದು ಗಾಡಿ ಫಿಲ್ಟರ್ ಹಾಕಿಸಿಕೊಂಡು ಬಂದ ದಿನದಿಂದಲೇ ಸೋರುತ್ತಿತ್ತು. ಮೂರು ಸಲ ಬಿಗಿದದ್ದಾಯಿತು. ಕೊನೆಗೆ ಊರಲ್ಲೇ ಬಿಚ್ಚಿ ನೋಡಿದರೆ ಹಳೇ ರಿಂಗಿನ ಮೇಲೆಯೇ ಹೊಸ ರಿಂಗ್ ಕೂತಿತ್ತು. ಹಳೇದನ್ನು ಬೆರಳಲ್ಲಿ ಕಿತ್ತು ಹಾಕಿ ಕೂರಿಸಿದೆವು. ನಿಂತಿತು. ಅದಕ್ಕೆ ಶಕ್ತಿ ಬೇಕಿರಲಿಲ್ಲ, ನೋಡುವ ಕಣ್ಣು ಬೇಕಿತ್ತು.

ಸೋರಿಕೆ ಎರಡು ಥರ. ಕೈಪಂಪಿನಿಂದ ಮುಂದಕ್ಕೆ ಡೀಸೆಲ್ಲನ್ನು ತಳ್ಳುತ್ತದೆ, ಅಲ್ಲಿ ಸಂದು ಇದ್ದರೆ ಹೊರಗೆ ತೊಟ್ಟಿಕ್ಕುತ್ತದೆ, ಕಣ್ಣಿಗೆ ಕಾಣುತ್ತದೆ. ಟ್ಯಾಂಕಿನಿಂದ ಕೈಪಂಪಿನ ತನಕ ಡೀಸೆಲ್ಲನ್ನು ಎಳೆಯುತ್ತದೆ. ಅಲ್ಲಿ ಸಂದು ಇದ್ದರೆ ಒಂದು ತೊಟ್ಟೂ ಬೀಳದೆ ಇರಬಹುದು, ಬದಲಿಗೆ ಗಾಳಿ ಒಳಗೆ ಹೋಗುತ್ತದೆ. ಇದು ಕಳ್ಳ ಸೋರಿಕೆ. ಸಂಜೆ ಚೆನ್ನಾಗಿ ಓಡಿ ನಿಂತ ಗಾಡಿ ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಹಿಡಿಯದಿದ್ದರೆ, ದಿನಾ ಕೈಪಂಪು ಹೊಡೆದೇ ಹೊರಡಬೇಕಾಗಿದ್ದರೆ, ಬ್ಯಾಟರಿ ಬದಲಿಸುವ ಮೊದಲು ಈ ದಾರಿಯ ಪೈಪು, ಕ್ಲಿಪ್ಪು, ವಾಷರು ನೋಡಿ. ಬಿಸಿಲಿಗೆ ಬಿರಿದ ರಬ್ಬರ್ ಪೈಪಿನಲ್ಲೇ ಹೆಚ್ಚಾಗಿ ಸಿಗುತ್ತದೆ.

ತೊಟ್ಟಿನ ಲೆಕ್ಕ

"ಒಂದು ತೊಟ್ಟು ತಾನೆ, ಹೋದ್ರ ಹೋಗ್ಲಿ ಬುಡಿ" ಅನ್ನುವವರಿಗೆ ಒಂದು ಲೆಕ್ಕ. ಸೆಕೆಂಡಿಗೆ ಒಂದು ತೊಟ್ಟು ಬೀಳುತ್ತದೆ ಅನ್ನಿ. ದಿನಕ್ಕೆ ಎಂಟು ಗಂಟೆ ಗಾಡಿ ಓಡಿದರೆ 28,800 ತೊಟ್ಟು. ಐವತ್ತು ತೊಟ್ಟಿಗೆ ಒಂದು ಮಿಲಿ ಎಂದು ಕೈ ಬಿಗಿ ಹಿಡಿದು ಲೆಕ್ಕ ಹಾಕಿದರೂ ಅರ್ಧ ಲೀಟರಿಗೆ ಮೇಲಾಯಿತು. ಲೀಟರಿಗೆ 90 ರೂಪಾಯಿ ಹಿಡಿದರೆ ದಿನಕ್ಕೆ ಐವತ್ತು ರೂಪಾಯಿ. ತಿಂಗಳಲ್ಲಿ 25 ದಿನ ಓಡಿದರೆ 1,250 ರೂಪಾಯಿ ರಸ್ತೆಗೆ ಸುರಿದ ಹಾಗೆ. ಹಾಲಿನ ಡೇರಿಯಲ್ಲಿ ನೂರು ಮಿಲಿ ಕಡಿಮೆ ಬರೆದರೆ ಜಗಳಕ್ಕೆ ನಿಲ್ಲುವವರು ನಾವು!

ಹಣ ಒಂದೇ ಅಲ್ಲ. ಬಿಸಿಯಾದ ಸೈಲೆನ್ಸರ್ ಪೈಪಿನ ಮೇಲೆ ಡೀಸೆಲ್ ಬಿದ್ದರೆ ಬೆಂಕಿಯ ಭಯ. ರಬ್ಬರ್ ಪೈಪು, ವೈರಿನ ಮೇಲೆ ಬಿದ್ದರೆ ಅವು ಮೆದುವಾಗಿ ಕೆಡುತ್ತವೆ. ಗೋಣಿಗೆ ತಾಗಿದರೆ ತರಕಾರಿಗೆ ವಾಸನೆ, ವ್ಯಾಪಾರಿ ಮೂಗು ಮುಚ್ಚಿಕೊಂಡು ದರ ಇಳಿಸುತ್ತಾನೆ.

ಹೊಸ ಗಾಡಿಗೆ ಬೇರೆ ಎಚ್ಚರ

"ಇದೆಲ್ಲ ಮೆಕ್ಯಾನಿಕ್ ಕೆಲಸ, ರೈತನಿಗೇಕೆ?" ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲೂ ಒಂದು ಪಾಲು ಸತ್ಯವಿದೆ. 2020ರ ಏಪ್ರಿಲ್ ನಂತರ ಮಾರಾಟಕ್ಕೆ ಬಂದ ಬಿಎಸ್-6 ಲಾರಿ, ಪಿಕಪ್‌ಗಳ ರೀತಿ ಬೇರೆ. ಹಳೇ ಇಂಜಿನ್ನಿನಲ್ಲಿ ನಾಝಲ್ ಬಿಡುವ ಒತ್ತಡ ಸುಮಾರು 200 ಬಾರ್. ಹೊಸ ಕಾಮನ್ ರೈಲ್ ಇಂಜಿನ್ನಿನಲ್ಲಿ ಅದು 1,600 ಬಾರ್, ಅದಕ್ಕೂ ಮೇಲೆ. ಹಳೇ ಅಭ್ಯಾಸದಲ್ಲಿ ನಾಝಲಿನ ಪೈಪು ಸಡಿಲಿಸಿ ಗಾಳಿ ತೆಗೆಯಲು ಹೋಗಬೇಡಿ. ಸೋರುತ್ತಿದೆಯಾ ಎಂದು ಕೈಯಿಟ್ಟು ನೋಡಲೇಬೇಡಿ. ಆ ಒತ್ತಡದ ಡೀಸೆಲ್ ಸೂಜಿಯ ಹಾಗೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು, ತಡವಾದರೆ ಬೆರಳೋ ಕೈಯೋ ಹೋದೀತು. ಹೊಸ ಫಿಲ್ಟರ್ ಒಳಗೆ ಕ್ಯಾನಿನ ಡೀಸೆಲ್ ತುಂಬಿ ಹಾಕುವುದೂ ಬೇಡ, ಸೋಸದ ಡೀಸೆಲ್ ಶುದ್ಧದ ಕಡೆಗೆ ಹೋಗಿಬಿಡುತ್ತದೆ. ವಾರಂಟಿ ಇರುವ ಗಾಡಿಯನ್ನು ಕಂಪನಿಯವರೇ ಬದಲಿಸಲಿ.

ಆದರೆ ಅಲ್ಲೂ ನಮ್ಮ ಪಾಲು ಉಳಿದಿದೆ. ಫಿಲ್ಟರಿನ ನೀರು ಇಳಿಸುವುದು, ನೀರಿನ ದೀಪ ಹತ್ತಿದರೆ ಗಾಡಿ ಓಡಿಸದಿರುವುದು, ಪುಸ್ತಕದ ಲೆಕ್ಕಕ್ಕೆ ಸರಿಯಾಗಿ ಬದಲಿಸಿದರೇ ಎಂದು ಕೇಳಿ ಹಳೇದನ್ನು ಕೈಗೆ ತೆಗೆದುಕೊಳ್ಳುವುದು. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಬೇಸರ ಮಾಡಿಕೊಂಡರೆ ಅದೂ ಒಂದು ಗುರುತೇ. ನಕಲಿ ಫಿಲ್ಟರುಗಳಿಗೂ ಇದೇ ಮದ್ದು. ಬಿಲ್ ಕೇಳಿ ತೆಗೆದುಕೊಳ್ಳಿ. ಕಾಗದದ ಮಡಿಕೆ ಒಂದೇ ಸಮ ಇದೆಯಾ, ಅಂಟು ಬಿಟ್ಟಿದೆಯಾ, ಜೊತೆಗೆ ರಿಂಗ್ ಕೊಟ್ಟಿದ್ದಾರಾ, ನೋಡಿ.

ಕಲಿಸುವವರು ಯಾರು?

ಈಗ ನನ್ನ ಒತ್ತಾಯಕ್ಕೆ ಬರುತ್ತೇನೆ. ಟ್ರ್ಯಾಕ್ಟರಿಗೆ ಸಾಲ ಸಿಗುತ್ತದೆ, ಯಂತ್ರಗಳಿಗೆ ಸಬ್ಸಿಡಿ ಇದೆ. 2014ರಿಂದ ಕೃಷಿ ಯಂತ್ರಧಾರೆ ಎಂದು ಬಾಡಿಗೆಗೆ ಯಂತ್ರ ಕೊಡುವ ಕೇಂದ್ರಗಳೂ ಬಂದವು. ಕೊಡುವ ಮಾತಿನ ಜೊತೆ ಕಾಯುವ ಮಾತು ಯಾರೂ ಆಡುವುದಿಲ್ಲ. ನಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಹರದನಹಳ್ಳಿಯಲ್ಲಿದೆ. ಬೀಜೋಪಚಾರ, ಎರೆಗೊಬ್ಬರ ಹೇಳಿಕೊಡುವ ಹಾಗೆಯೇ ವರ್ಷಕ್ಕೆ ಎರಡು ದಿನ, ಬಿತ್ತನೆಗೆ ಮುಂಚೆ ಒಂದು, ಒಕ್ಕಣೆಗೆ ಮುಂಚೆ ಒಂದು, ಡೀಸೆಲ್ ಇಂಜಿನ್ ಕಾಯುವ ಪಾಠ ಇಡಬೇಕು. ಭಾಷಣ ಬೇಡ. ಒಂದು ಹಳೇ ಇಂಜಿನ್ ಮುಂದಿಟ್ಟು, ಪ್ರತಿಯೊಬ್ಬ ರೈತನ ಕೈಯಲ್ಲೂ ಒಂದು ಸಲ ಬಿಚ್ಚಿಸಿ ಹಾಕಿಸಬೇಕು. ಹೆಣ್ಣುಮಕ್ಕಳನ್ನೂ ಕರೆಯಬೇಕು. ಗಂಡಸರು ಮಾರ್ಕೆಟ್ಟಿಗೆ ಹೋದಾಗ ತೋಟದ ಇಂಜಿನ್ ನಿಂತರೆ ನೋಡುವವರು ಅವರೇ ತಾನೆ.

ಎರಡನೆಯದು, ಗಾಡಿ ಮಾರುವವರು ಕೊಡುವ ಪುಸ್ತಕ ಕನ್ನಡದಲ್ಲಿರಬೇಕು. ಚಿತ್ರದ ಕೆಳಗೆ ನಮಗೆ ಅರ್ಥವಾಗುವ ಮಾತಿರಬೇಕು. ಏಳನೇ ಕ್ಲಾಸು ಓದಿದವನು ಬಿಡಿಸಿ ಓದಿ ಮಾಡುವ ಹಾಗಿರಬೇಕು. ಇಂಗ್ಲಿಷ್ ಪುಸ್ತಕ ಪ್ಲಾಸ್ಟಿಕ್ ಕವರಿನಲ್ಲೇ ಗೂಡಿಗೆ ಸೇರುತ್ತದೆ, ಗಾಡಿ ಮಾರುವ ದಿನ ಹೊಸದರ ಹಾಗೆಯೇ ಹೊರಗೆ ಬರುತ್ತದೆ.

ಮೂರನೆಯದು ನಮ್ಮ ಕೈಯಲ್ಲೇ ಇದೆ. ಗಾಡಿಯ ಒಂದು ಡಬ್ಬಿಯಲ್ಲಿ ಒಂದು ಹೊಸ ಫಿಲ್ಟರ್, ಎರಡು ರಿಂಗು, ನಾಲ್ಕು ತಾಮ್ರದ ವಾಷರು, ಒಂದು ಮೊಳ ಡೀಸೆಲ್ ಪೈಪು, ಎರಡು ಕ್ಲಿಪ್ಪು, ಸರಿಯಾದ ಎರಡು ಪಾನ, ಒಂದು ಶುಭ್ರ ಬಟ್ಟೆ ಇರಲಿ. ಬಾಗಿಲಿನ ಒಳಗಡೆ ಬದಲಿಸಿದ ತಾರೀಕು, ಮೀಟರ್ ಬರೆದು ಅಂಟಿಸಿ. ಹೊರಡುವ ಬೆಳಿಗ್ಗೆ ಗಾಡಿಯ ಅಡಿಗೆ ಒಮ್ಮೆ ಬಗ್ಗಿ ನೋಡಿ, ನೆಲ ಒದ್ದೆಯಾಗಿದೆಯೋ ಎಂದು. ಇದಕ್ಕೆ ಸರ್ಕಾರವೂ ಬೇಡ, ಸಬ್ಸಿಡಿಯೂ ಬೇಡ.

ಮಳೆ ಬರುವುದು ನಮ್ಮ ಕೈಯಲ್ಲಿಲ್ಲ. ಟೊಮೆಟೊ ದರ ನಮ್ಮ ಕೈಯಲ್ಲಿಲ್ಲ. ಗೇಟು ಮುಚ್ಚುವ ಹೊತ್ತೂ ನಮ್ಮ ಕೈಯಲ್ಲಿಲ್ಲ. ಒಣ ಬೇಸಾಯದವನ ಕೈಯಲ್ಲಿ ಇರುವುದೇ ಸ್ವಲ್ಪ. ಆ ಸ್ವಲ್ಪದಲ್ಲಿ ಈ ಫಿಲ್ಟರ್ ಒಂದು. ಅದನ್ನೂ ಇನ್ನೊಬ್ಬರ ಕೈಗೆ ಕೊಟ್ಟು ರಸ್ತೆಬದಿಯಲ್ಲಿ ಕೂರುವುದು ನ್ಯಾಯವಲ್ಲ. ನಿಮ್ಮ ಕಡೆ ಸೋರಿಕೆ ನಿಲ್ಲಿಸಲು ಇದಕ್ಕಿಂತ ಒಳ್ಳೇ ಉಪಾಯ ಮಾಡಿದವರಿದ್ದರೆ ಬರೆಯಿರಿ. ನಾಲ್ಕು ಜನಕ್ಕೆ ಗೊತ್ತಾಗಲಿ.